ತೆಗೆದದ್ದು ಬೇರೆ, ಅಳಿಸಿದ್ದು ಬೇರೆ

ನನ್ನೆದುರು ಯಾರಾದರೂ ‘ಅದನ್ನ ಆವಾಗಲೇ ಡಿಲೀಟ್ ಮಾಡೀನಿ’ ಎಂದರೆ ನನಗೆ ಮೈ ಉರಿಯುತ್ತದೆ. ಡಿಲೀಟ್ ಒತ್ತಿದಾಗ ಕಂಪ್ಯೂಟರು ಮಾಡುವುದು ಇಷ್ಟೇ. ಮನೆಯ ಬಾಗಿಲ ಮೇಲಿನ ಹೆಸರಿನ ಫಲಕ ಕಿತ್ತು, ‘ಬಾಡಿಗೆಗೆ ಇದೆ’ ಎಂದು ಬೋರ್ಡು ಹಾಕುತ್ತದೆ. ಒಳಗಿದ್ದವರು ಒಳಗೇ ಇರುತ್ತಾರೆ. ಹೊಸ ಬಾಡಿಗೆದಾರ ಬಂದು ಪ್ರತಿ ಕೋಣೆಯಲ್ಲೂ ತನ್ನ ಸಾಮಾನು ತುಂಬುವವರೆಗೆ, ಗೊತ್ತಿದ್ದವರು ಕದ ತಟ್ಟಿದರೆ ಓಗೊಡುತ್ತಲೇ ಇರುತ್ತಾರೆ. ಅವರನ್ನು ಮತ್ತೆಂದೂ ಓಗೊಡದಂತೆ ಕಳಿಸುವುದು ನನ್ನ ಹೊಟ್ಟೆಪಾಡು.

ಗಂಡನ ನೌಕಾಪಡೆಯ ನೌಕರಿಯ ಬೆನ್ನು ಹತ್ತಿ ಗದಗಿನ ಕಡೆಯವಳಾದ ನಾನು ವಿಶಾಖಪಟ್ಟಣ ಸೇರಿದೆ. ಕೆಲಸ ಸಿಕ್ಕಿದ್ದು ದುವ್ವಾಡದ ಒಂದು ಸಣ್ಣ ಕಂಪನಿಯಲ್ಲಿ. ಕಚೇರಿ, ಆಸ್ಪತ್ರೆಗಳ ಹಳೆಯ ಡಿಸ್ಕುಗಳಲ್ಲಿ ಇರುವುದನ್ನು ಮರಳಿ ಸಿಗದಂತೆ ನಾಶ ಮಾಡಿ ಪ್ರಮಾಣಪತ್ರ ಕೊಡುತ್ತೇವೆ. ಇಲ್ಲಿ ನಾನು ‘ಡಿಲೀಟ್’ ಎಂಬ ಮಾತನ್ನು ಮೊದಲೇ ಬಹಿಷ್ಕರಿಸಿದ್ದೆ. ‘ವೈಪ್’ ಎಂದು ಹೇಳಿ ನೋಡಿದೆ. ಒಬ್ಬ ಗಿರಾಕಿ ಡಿಸ್ಕುಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಫಳಫಳ ಹೊಳೆಯುವಂತೆ ಒರೆಸಿ ತಂದುಕೊಟ್ಟು, ‘ವೈಪ್ ಚೇಸೇಶಾಮಂಡಿ’ ಎಂದ. ಆಮೇಲೆ ಕನ್ನಡದವರು ಸಿಕ್ಕರೆ ಅಚ್ಚ ಕನ್ನಡದಲ್ಲೇ ‘ಅಳಿಸುತ್ತೇನೆ’ ಎನ್ನುವುದನ್ನು ರೂಢಿ ಮಾಡಿಕೊಂಡೆ. ಆ ಮಾತಿಗೂ ಒಂದು ದಿನ ಸಂಚಕಾರ ಬಂತು.

ವಿಜಯವಾಡದಿಂದ ಒಬ್ಬ ಆಪ್ತಸಮಾಲೋಚಕಿ ಫೋನ್ ಮಾಡಿದ್ದರು. ವರ್ಷಗಟ್ಟಲೆ ಹೆಂಗಸರ ಸಂಕಟಗಳನ್ನು ಕೇಳಿ ದಾರಿ ತೋರಿಸಿದವರು. ಈಗ ಕೇಂದ್ರವನ್ನು ಮುಚ್ಚುತ್ತಿದ್ದರು. ಕಾರಣ ಕೇಳಿದರೆ, ‘ಕಿವಿ ಕೈಕೊಡ್ತು ಕಣಮ್ಮ. ಕೇಳೋದೇ ಕೆಲಸ ಇರೋಳಿಗೆ ಕಿವೀನೇ ಇಲ್ದಿದ್ರೆ ಎಲಾಗ?’ ಎಂದರು. ಅವರ ತಂದೆ ರೈಲ್ವೆ ಕೆಲಸಕ್ಕೆಂದು ಮೈಸೂರಿನ ಕಡೆಯಿಂದ ಬಂದು ಅಲ್ಲೇ ನೆಲೆಸಿದವರಂತೆ. ಮೇಡಂ ಓದಿದ್ದು, ಬರೆದದ್ದು, ಜಗಳವಾಡಿದ್ದು ಎಲ್ಲವೂ ತೆಲುಗಿನಲ್ಲಿ. ಕನ್ನಡ ಅಮ್ಮನ ಜೊತೆ ಅಡುಗೆಮನೆಯಲ್ಲಿ ಆಡಿದಷ್ಟೇ ಉಳಿದಿತ್ತು.

ಕಿವಿ ಮಂದವಾಗತೊಡಗಿದಾಗ ಅವರು, ಬಂದವರ ಒಪ್ಪಿಗೆ ಪಡೆದು, ಮಾತುಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಂಡು ಸಂಜೆ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳುತ್ತಿದ್ದರು. ‘ನಾನು ಮುಚ್ಚೋ ದಿನ ಇದೂ ಇರಲ್ಲ’ ಎಂದು ಪ್ರತಿಯೊಬ್ಬಳಿಗೂ ಮಾತು ಕೊಟ್ಟಿದ್ದರು. ಆ ಮಾತನ್ನು ಉಳಿಸಿಕೊಡುವುದು ನನ್ನ ಕೆಲಸ. ಅಳಿಸದ ಒಂದು ಡಿಸ್ಕೂ ಆ ಕೋಣೆಯ ಹೊಸ್ತಿಲು ದಾಟಬಾರದು ಎಂಬುದು ಅವರ ಷರತ್ತು. ನಾನು ಸಲಕರಣೆಗಳ ಚೀಲ ಹೊತ್ತು, ಅನಕಾಪಲ್ಲಿಯ ಒಂದು ಅಚ್ಚು ಬೆಲ್ಲವನ್ನೂ ಅದರಲ್ಲಿ ತುರುಕಿಕೊಂಡು ದುವ್ವಾಡದಲ್ಲಿ ರೈಲು ಹತ್ತಿದೆ.

‘ಎಲ್ಲಾ ಪೂರ್ತಿ ಅಳಸ್ತೀನ್ರಿ, ನೀವು ನಿಶ್ಚಿಂತಿ ಇರ್ರಿ’ ಎಂದು ನಾನು ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದ್ದೇ ತಡ, ಮೇಡಂ ನಕ್ಕರು.

‘ಅಳಿಸ್ತೀರಾ? ನಮ್ಮಮ್ಮ ಅನ್ನೋರು, ತಂಗೀನ ಅಳಿಸ್ಬೇಡ ಕಣೇ ಅಂತ. ಈ ಕೋಣೇಲಿ ಅಳಿಸೋದು ಇಷ್ಟು ವರ್ಷ ನನ್ನ ಕೆಲಸ ಆಗಿತ್ತು, ಈಗ ನೀವು ಬಂದ್ರಾ?’

ಮನೆಯೊಳಗಷ್ಟೇ ಬೆಳೆದ ಕನ್ನಡದಲ್ಲಿ ‘ಅಳಿಸು’ ಎಂದರೆ ಕಣ್ಣೀರು ಬರಿಸುವುದು, ಅಷ್ಟೇ. ಹಲಗೆ, ಬಳಪ ಹಿಡಿದು ಕಲಿತವರಿಗೆ ಮಾತ್ರ ಇನ್ನೊಂದು ಅರ್ಥ ಗೊತ್ತು. ನಾನೂ ನಕ್ಕೆ. ಅಲ್ಲಿಂದ ಮುಂದೆ ಇಬ್ಬರಿಗೂ ತಿಳಿಯುವ ‘ತೆಗೆ’ ಎಂಬ ಮಾತಿಗೆ ಬಂದೆವು. ತೆಲುಗಿನಲ್ಲೂ ಅದೇ ಬೇರಿನ ‘ತೀಸೇಯ್’ ಇದೆ. ಫೈಲು ತೆಗೆದೆವು ಎಂದರೆ ಯಾರಿಗೂ ಗೊಂದಲವಿಲ್ಲ. ಹಾಗೆಂದುಕೊಂಡದ್ದೇ ನನ್ನ ಜಾಣತನ.

ಮೊದಲ ದಿನ ಕೆಲಸ ಆಮೆಯಂತೆ ಸಾಗಿತು. ತಿರುಗುವ ಹಳೆಯ ಬಗೆಯ ಡಿಸ್ಕುಗಳು ಒಳ್ಳೆಯ ಸ್ವಭಾವದವು. ಈ ತುದಿಯಿಂದ ಆ ತುದಿಯವರೆಗೆ ಸೊನ್ನೆ ಬರೆ ಎಂದರೆ ಬರೆಯುತ್ತವೆ. ಆಮೇಲೆ ಅಲ್ಲಲ್ಲಿ ಓದಿ ನೋಡಿ ಖಾತ್ರಿ ಮಾಡಿಕೊಂಡರಾಯಿತು. ತೊಂದರೆ ಕೊಡುವುದು ಹೊಸ ಬಗೆಯ ಎಸ್ಎಸ್‌ಡಿಗಳು. ತನ್ನ ಯಾವ ಜಾಗವೂ ಬೇಗ ಸವೆಯಬಾರದೆಂದು ಅದು ಬರೆಯುವ ಜಾಗವನ್ನು ತಾನೇ ಬದಲಿಸುತ್ತಿರುತ್ತದೆ. ನಾವು ಒಂದು ಕಡೆ ಬರೆ ಎಂದರೆ ಇನ್ನೊಂದು ಕಡೆ ಬರೆದು, ಹಳೆಯದನ್ನು ಮೂಲೆಯಲ್ಲಿ ಹಾಗೇ ಇಟ್ಟುಕೊಂಡಿರುತ್ತದೆ. ಅದಕ್ಕೆ ಮೇಲಿಂದ ಬರೆದರೆ ಸಾಲದು. ‘ನಿನ್ನನ್ನು ನೀನೇ ಪೂರ್ತಿ ಬರಿದು ಮಾಡಿಕೋ’ ಎಂಬ ಒಳಗಿನ ಆಜ್ಞೆಯನ್ನೇ ಕೊಡಬೇಕು. ಸಮಾಲೋಚನೆಯ ಕೋಣೆಯ ಕಂಪ್ಯೂಟರು ಆ ಆಜ್ಞೆಗೆ ಬೀಗ ಹಾಕಿಕೊಂಡು ಕೂತಿತ್ತು. ಒಮ್ಮೆ ಮಲಗಿಸಿ ಎಬ್ಬಿಸಿದಾಗ ಬೀಗ ಬಿಟ್ಟಿತು, ಆಜ್ಞೆ ಹೋಯಿತು, ‘ಮುಗಿಯಿತು’ ಎಂದು ಉತ್ತರವೂ ಬಂತು. ನನಗೆ ಉತ್ತರಗಳ ಮೇಲೆ ನಂಬಿಕೆ ಕಡಿಮೆ. ಓದಿ ನೋಡಿದರೆ ಒಂದು ಮೂಲೆಯಲ್ಲಿ ಸೊನ್ನೆಯಲ್ಲದ್ದು ಇನ್ನೂ ಇತ್ತು. ಬೆಣ್ಣೆಯಂತೆ ಮಾತಾಡಿ ಕೆಲಸ ಮಾಡದವರ ಜಾತಿ. ಮತ್ತೊಮ್ಮೆ ಆಜ್ಞೆ ಕೊಟ್ಟೆ, ಈ ಸಲ ಸ್ವಚ್ಛವಾಯಿತು. ಆದರೂ ದುವ್ವಾಡದಲ್ಲಿ ಪುಡಿ ಮಾಡುವ ಯಂತ್ರಕ್ಕೆಂದು ಅದನ್ನು ಬೇರೆ ಇಟ್ಟೆ.

ಆ ಎಸ್ಎಸ್‌ಡಿಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಡಿಸ್ಕುಗಳು ತಾವು ಎಷ್ಟು ಹೊತ್ತು ದುಡಿದಿದ್ದೇವೆಂದು ಲೆಕ್ಕ ಇಟ್ಟುಕೊಂಡಿರುತ್ತವೆ. ಇದು ಕಂಪ್ಯೂಟರಿಗಿಂತ ಬಹಳ ಚಿಕ್ಕ ವಯಸ್ಸಿನದು. ಹಾಗಾದರೆ ಮೊದಲು ಬೇರೊಂದು ಡಿಸ್ಕು ಇದ್ದಿರಬೇಕು. ಕೇಳಿದರೆ ಮೇಡಂ, ‘ಅವುನು, ತುಂಬಾ ಸ್ಲೋ ಆಗಿತ್ತು, ಮೆಕ್ಯಾನಿಕ್ ಬಂದು ಸರಿ ಮಾಡ್ಕೊಟ್ಟ’ ಎಂದರು. ವಿಜಯವಾಡದ ಹಳೆಯ ಪೇಟೆ ಒನ್ ಟೌನಿನ ಸಗಟು ಅಂಗಡಿಗಳಿಗೆ ಕಂಪ್ಯೂಟರು, ಕ್ಯಾಮೆರಾ ನೋಡಿಕೊಳ್ಳುವ ಮೆಕ್ಯಾನಿಕ್ ಆತ. ಅವನಿಗೆ ಫೋನ್ ಹಚ್ಚಿ, ಹಳೆಯ ಡಿಸ್ಕಿನದು ತೀಸೇಶಾರಾ ಎಂದು ಕೇಳಿದೆ.

‘ಎಪ್ಪುಡೋ ತೀಸೇಶಾಮಂಡಿ!’ ಎಂದ, ಇದೂ ಒಂದು ಕೇಳುವ ಮಾತೇ ಎಂಬಂತೆ.

ಯಾವಾಗಲೋ ತೆಗೆದಿದ್ದಾನೆ. ನನ್ನ ತೆಲುಗು ತರಕಾರಿ ಸಂತೆಯಲ್ಲಿ ಕಲಿತದ್ದಾದರೂ ಅಷ್ಟು ಅರ್ಥವಾಯಿತು. ಮೇಡಂ ಕೊಟ್ಟ ಪುಳಿಹೋರ ತಿಂದು, ಬೆಲ್ಲ ಅವರ ಕೈಗಿಟ್ಟು, ಗೆದ್ದೆನೆಂದುಕೊಂಡು ವಿಶಾಖಪಟ್ಟಣಕ್ಕೆ ಮರಳಿದೆ.

ದುವ್ವಾಡದಲ್ಲಿ ಪ್ರಮಾಣಪತ್ರ ಬರೆಯಲು ಕೂತಾಗ ನಮ್ಮ ಮ್ಯಾನೇಜರು ಆ ಹಳೆಯ ಡಿಸ್ಕಿನ ಸೀರಿಯಲ್ ನಂಬರ್ ಎಲ್ಲಿ ಎಂದು ಕೇಳಿದರು. ನಂಬರ್ ಇಲ್ಲದೆ ನಾಶವಾಯಿತೆಂದು ಬರೆಯುವಂತಿಲ್ಲ. ಮತ್ತೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

‘ನಂಬರ್ ಕಾವಾಲಂಟೇ ಡಿವಿಆರ್ ವಿಪ್ಪಾಲಂಡಿ’ ಎಂದ.

ಡಿವಿಆರ್ ಎಂದರೆ ಅಂಗಡಿಗಳಲ್ಲಿ ಕ್ಯಾಮೆರಾದ ದೃಶ್ಯಗಳನ್ನು ತುಂಬಿಡುವ ಪೆಟ್ಟಿಗೆ. ಅದನ್ನು ಯಾಕೆ ಬಿಚ್ಚಬೇಕು? ‘ತೀಸೇಶಾಮನ್ನಾರು ಕದಾ?’ ಎಂದೆ, ತೆಗೆದೆ ಅಂದಿದ್ದಿರಲ್ಲ ಎಂದು.

‘ಅವುನಂಡಿ. ಅಕ್ಕಡ ತೀಸಿ ಇಕ್ಕಡ ಪೆಟ್ಟಾಮು. ವೇಸ್ಟ್ ಅವಕೂಡದು ಕದಂಡಿ?’

ನಾನು ಕೇಳಿದ್ದು ಒಳಗಿನ ಮಾತುಗಳನ್ನು ತೆಗೆದೆಯಾ ಎಂದು. ಅವನು ಹೇಳಿದ್ದು ಡಬ್ಬಿಯನ್ನು ತೆಗೆದೆ ಎಂದು. ಅಲ್ಲಿಂದ ತೆಗೆದು ಇಲ್ಲಿ ಇಟ್ಟಿದ್ದಾನೆ. ಒಳ್ಳೆಯ ವಸ್ತು ಹಾಳಾಗಬಾರದೆಂದು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಡಿಲೀಟ್ ಬೇಡ, ವೈಪ್ ಬೇಡ, ಅಳಿಸುವುದೂ ಬೇಡವೆಂದು ಪದ ಪದಕ್ಕೂ ಕೊಂಕು ತೆಗೆದವಳು ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿದ್ದಿತ್ತು.

ಯಾವ ಅಂಗಡಿ ಎಂದು ತಿಳಿದುಕೊಂಡು ಮರುದಿನ ಬೆಳಗಿನ ರೈಲಿಗೇ ವಿಜಯವಾಡಕ್ಕೆ ಹೋದೆ. ಮೇಡಂ ಎದುರು ಎಲ್ಲವನ್ನೂ ಹೇಳಿ, ಒನ್ ಟೌನಿನ ಒಂದು ಸ್ಟೀಲ್ ಪಾತ್ರೆಗಳ ಅಂಗಡಿಯೆಂದು ಗುರುತು ಹೇಳುವಷ್ಟರಲ್ಲಿ ಅವರು ಪಕ್ಕದ ಕಿಟಕಿಯ ಕಟ್ಟೆ ಹಿಡಿದುಕೊಂಡರು. ಕುರ್ಚಿಗಳನ್ನು ಆಗಲೇ ಸಾಗಿಸಿಯಾಗಿತ್ತು.

‘ಆ ಅಂಗಡೀನಾ?’

‘ಯಾಕ್ರಿ? ಗೊತ್ತೇನು?’

‘ಆ ಮೆಕ್ಯಾನಿಕ್‌ನ ನನಗೆ ತೋರಿಸಿದ್ದು ಆ ಮನೆ ಸೊಸೆ’ ಎಂದರು. ‘ನಮ್ಮ ಅಂಗಡಿಗೆ ಬರ್ತಾನೆ ಮೇಡಂ, ನಂಬಿಕಸ್ಥ ಅಂತ. ಇನ್ನೇನೂ ಕೇಳ್ಬೇಡಂಡಿ.’

ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅತ್ತೆ ಮನೆಯ ಯಾರಿಗೂ ಗೊತ್ತಾಗಬಾರದ ಮಾತನ್ನು ಆಕೆ ಈ ಕೋಣೆಯಲ್ಲಿ ಆಡಿದ್ದಳು. ಆ ದನಿ ಈಗ ಅದೇ ಅತ್ತೆಯ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಲ್ಲಿತ್ತು. ಡಿಸ್ಕು ಕೆಟ್ಟಿತೆಂದು ಯಾರಾದರೂ ರಿಪೇರಿಗೆ ಕೊಟ್ಟು, ರಿಪೇರಿಯವನು ಹಳೆಯದನ್ನು ಕೆದಕಿದರೆ ಆಕೆಯ ಮನೆ, ಮಕ್ಕಳು, ಎಲ್ಲವೂ ಹೋಗುತ್ತಿತ್ತು. ಅಷ್ಟನ್ನು ಮೇಡಂ ಮುಖವೇ ಹೇಳಿತು. ನನಗೆ ನಿಜಕ್ಕೂ ಭಯವಾಯಿತು.

‘ಸುಳ್ಳು ಹೇಳದs ಆ ಡಿಸ್ಕ್ ಹೊರಗ ತರಬೇಕ್ರಿ’ ಎಂದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅನುಮಾನ ಸೊಸೆಯ ಮೇಲೇ ಹೋಗುತ್ತದೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನಗೆ ಸಿಕ್ಕ ನಿಜ ಇದು: ಆ ಡಿಸ್ಕು ಮೇಜಿನ ಮೇಲಿನ ಕಂಪ್ಯೂಟರಿಗೆ ಮಾಡಿದ್ದು, ಹಗಲಿರುಳು ಬರೆಯಲು ಮಾಡಿದ್ದಲ್ಲ. ಕ್ಯಾಮೆರಾ ಪೆಟ್ಟಿಗೆಗೆಂದೇ ಬೇರೆ ಡಿಸ್ಕುಗಳಿವೆ. ಅಂಥದೊಂದನ್ನು ಕೊಂಡು, ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದೆ. ಅವನಿಗೂ ಇಷ್ಟೇ ಹೇಳಿದ್ದೆ.

ಗಲ್ಲಾದಲ್ಲಿ ಅತ್ತೆ ಕೂತಿದ್ದರು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಎದುರಿಗೆ ಕ್ಯಾಮೆರಾದ ಟಿ.ವಿ. ಒಳಗೆ ಪಾತ್ರೆಗಳಿಗೆ ಚೀಟಿ ಅಂಟಿಸುತ್ತ ಸೊಸೆ. ನಾನು ಹೊಸ ಡಿಸ್ಕು ತೋರಿಸಿ, ಹಳೆಯದು ಈ ಕೆಲಸಕ್ಕೆ ತಕ್ಕದ್ದಲ್ಲ, ಬದಲಿಸಿಕೊಡುತ್ತೇವೆ ಎಂದೆ.

‘ಊರಿಕೇನಾ?’ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಈ ರೋಜುಲ್ಲೋ ಊರಿಕೇ ಎವರಿಸ್ತಾರಮ್ಮಾ?’

ಬಿಟ್ಟಿಯಾಗಿ ಯಾರು ಕೊಡುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆ. ಮೆಕ್ಯಾನಿಕ್ ತಲೆ ಕೆರೆದುಕೊಂಡು, ತಾನೇ ತಪ್ಪು ಡಿಸ್ಕು ಹಾಕಿದ್ದೆ, ತಪ್ಪು ತನ್ನದು ಎಂದ. ಅದೂ ನಿಜವೇ. ಅತ್ತೆ ಅವನಿಗೆ ನಾಲ್ಕು ಮಾತು ಬಿಗಿದು ಸಮಾಧಾನವಾದರು. ಆದರೆ ಇನ್ನೊಂದು ತಕರಾರು ಎದ್ದಿತು. ಅಡುಗೆ ಗುತ್ತಿಗೆಯವನೊಬ್ಬ ಒಂದು ದೊಡ್ಡ ಇಡ್ಲಿ ಪಾತ್ರೆಯನ್ನು ಮರಳಿ ಕೊಟ್ಟಿದ್ದೇನೆ ಎನ್ನುತ್ತಾನೆ, ಇವರು ಕೊಟ್ಟಿಲ್ಲ ಎನ್ನುತ್ತಾರೆ. ಸಾಕ್ಷಿ ಆ ಡಿಸ್ಕಿನಲ್ಲಿದೆ. ‘ನಾ ರಿಕಾರ್ಡಿಂಗು ಪೋಕೂಡದು’ ಎಂದು ಪಟ್ಟು ಹಿಡಿದರು.

‘ದಾನಿದೇಮುಂದಿ, ಕ್ಲೋನ್ ಚೇಸೇದ್ದಾಂ’ ಎಂದ ಮೆಕ್ಯಾನಿಕ್ ಉತ್ಸಾಹದಿಂದ. ಹಳೆಯ ಡಿಸ್ಕಿನ ಪಡಿಯಚ್ಚನ್ನೇ ಹೊಸದರಲ್ಲಿ ಇಳಿಸೋಣ ಎಂದು. ನಾನು ‘ವದ್ದು, ಬೇಡ!’ ಎಂದು ಕಿರುಚಿದ್ದು ಎದುರಂಗಡಿಗೂ ಕೇಳಿರಬೇಕು. ಪಡಿಯಚ್ಚು ತೆಗೆದರೆ ಇಡ್ಲಿ ಪಾತ್ರೆಯ ಜೊತೆ ಉಳಿದೆಲ್ಲವೂ ಹೊಸ ಮನೆಗೆ ನಡೆದುಬರುತ್ತದೆ. ಸೊಸೆ ತಲೆ ಎತ್ತಿ ನನ್ನನ್ನೇ ನೋಡಿದಳು.

ದೃಶ್ಯಗಳನ್ನಷ್ಟೇ ಡಿವಿಆರ್‌ನ ಮೂಲಕ ಬೇರೆ ಕಡೆಗೆ ಇಳಿಸುವುದು ನಿಧಾನದ ದಾರಿ, ಆದರೆ ಅದೊಂದೇ ದಾರಿ. ಅತ್ತೆ ಹೇಳಿದ ದಿನಗಳನ್ನು ಒಂದೊಂದಾಗಿ ಪೆನ್‌ಡ್ರೈವಿಗೆ ಇಳಿಸುತ್ತ ಸ್ಟೂಲಿನ ಮೇಲೆ ಮಧ್ಯಾಹ್ನದವರೆಗೆ ಕೂತೆ. ಆಗ ಡಿವಿಆರ್‌ನ ಪಟ್ಟಿಯಲ್ಲಿ ಒಂದು ವಿಷಯ ಗಮನಿಸಿದೆ. ಡಿಸ್ಕು ಈ ಪೆಟ್ಟಿಗೆಗೆ ಬಂದು ಬಹಳ ಕಾಲವಾಗಿದ್ದರೂ, ಸಿಗುವ ಅತಿ ಹಳೆಯ ದೃಶ್ಯ ಕೆಲವು ವಾರಗಳ ಹಿಂದಿನದು. ಎಂದರೆ ಡಿಸ್ಕು ತುಂಬಿದಾಗಲೆಲ್ಲ ಪೆಟ್ಟಿಗೆ ಮೊದಲಿನಿಂದ ಮತ್ತೆ ಬರೆಯುತ್ತ ಬಂದಿದೆ, ಸುತ್ತಿನ ಮೇಲೆ ಸುತ್ತು. ಪರದೆಯ ಮೇಲೆ ಸೊಸೆ ಅಂಗಡಿಗೆ ನೀರು ಚಿಮುಕಿಸುತ್ತಿದ್ದಳು, ರಂಗೋಲಿ ಇಡುತ್ತಿದ್ದಳು, ಅತ್ತೆಗೆ ಕಾಫಿ ತರುತ್ತಿದ್ದಳು. ಆಕೆ ಆ ಕೋಣೆಯಲ್ಲಿ ಆಡಿದ ಮಾತಿನ ಮೇಲೆ ಆಕೆಯದೇ ದಿನಗಳು ಬಂದು ಕೂತಿದ್ದವು. ಹೊಸ ಬಾಡಿಗೆದಾರರು ಮನೆ ತುಂಬಿದ್ದರು.

ಇಡ್ಲಿ ಪಾತ್ರೆಯೂ ಸಿಕ್ಕಿತು. ಗುತ್ತಿಗೆಯವನು ನಿಜಕ್ಕೂ ಮರಳಿ ಕೊಟ್ಟಿದ್ದ. ತೆಗೆದು ಅಟ್ಟದ ಮೇಲಿಟ್ಟವರು ಸ್ವತಃ ಅತ್ತೆ. ಅವರು ಟಿ.ವಿ. ನೋಡಿ ‘ಪರ್ಲೇದು, ತೀಸ್ಕೆಳ್ಳಂಡಿ’, ಪರವಾಗಿಲ್ಲ, ತೆಗೆದುಕೊಂಡು ಹೋಗಿ ಎಂದು ಹಳೆಯ ಡಿಸ್ಕನ್ನು ನನ್ನ ಕೈಗೆ ದಾಟಿಸಿದರು.

ಕೇಂದ್ರಕ್ಕೆ ಮರಳಿ ನೆಲದ ಮೇಲೆ ಕೂತು ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಬಹುಪಾಲು ಹೋಗಿದೆ ಎಂದು ಮೇಡಂಗೆ ವಿವರಿಸಿದೆ. ಆದರೆ ಪೂರ್ತಿ ಎನ್ನುವಂತಿರಲಿಲ್ಲ. ಡಿವಿಆರ್ ಮುಟ್ಟದ ಅಂಚುಗಳಿರುತ್ತವೆ. ಕೆಟ್ಟುಹೋದ ಜಾಗಗಳನ್ನು ಡಿಸ್ಕು ತಾನೇ ಮುಚ್ಚಿಟ್ಟಿರುತ್ತದೆ. ಒಂದು ಚೂರು ದನಿ ಉಳಿದಿರಲೂಬಹುದು, ಇಲ್ಲದಿರಲೂಬಹುದು.

‘ಉಳಿದಿದ್ಯಾ ಅಂತ ತಿಳ್ಕೊಳ್ಳೋಕಾಗುತ್ತಾ?’

ಆಗುತ್ತಿತ್ತು. ಹುಡುಕುವ ತಂತ್ರಾಂಶ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ಮ್ಯಾನೇಜರು ಫೋನಿನಲ್ಲಿ, ವರದಿಗೆ ಬೇಕು, ಹುಡುಕಿಯೇ ಬಿಡು ಎಂದಿದ್ದರು. ನನಗೂ ಆಸೆಯಿತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಸಿಕ್ಕ ಚೂರು ಯಾವುದೆಂದು ಖಾತ್ರಿ ಮಾಡಿಕೊಳ್ಳಲು ಅದನ್ನು ಒಂದು ಗಳಿಗೆಯಾದರೂ ಕೇಳಲೇಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೇಳಿದರೂ ಹೋಯಿತು. ನನ್ನ ಕಿವಿಗೆ ಬಿದ್ದದ್ದನ್ನು ಬರಿದು ಮಾಡುವ ಆಜ್ಞೆ ಯಾವ ತಂತ್ರಾಂಶದಲ್ಲೂ ಇಲ್ಲ.

‘ನಾ ನೋಡೂದಿಲ್ರಿ’ ಎಂದೆ. ‘ಇತ್ತೋ ಇಲ್ಲೋ, ಗೊತ್ತಾಗದs ಹೋಗಲಿ. ಹಂಗs ಪೂರಾ ಸೊನ್ನಿ ಬರೀತೀನಿ, ಆಮ್ಯಾಲ ದುವ್ವಾಡದಾಗ ಪುಡಿ ಮಾಡಸ್ತೀನಿ. ವರದಿಯೊಳಗ ನೋಡಿಲ್ಲ ಅಂತನs ಬರೀತೀನಿ.’

ಮೇಡಂ ತಲೆಯಾಡಿಸಿದರು. ಆಮೇಲೆ ನಾನು ನಿರೀಕ್ಷಿಸದ ಮಾತು ಹೇಳಿದರು. ‘ಆದ್ರೆ ಅವಳಿಗೆ ಹೇಳ್ಬೇಕು. ಅವಳ ಮಾತು ಎಲ್ಲಿತ್ತು ಅಂತ ಅವಳಿಗೆ ಗೊತ್ತಿರ್ಬೇಕು. ಅವಳು ಬರೋವರ್ಗೂ ಶುರು ಮಾಡ್ಬೇಡಂಡಿ.’

ಬೇಡವೆಂದು ನಾನು ವಾದಿಸಿದೆ. ಮುಗಿದ ಮೇಲೆ ಹೇಳಬಹುದಲ್ಲ, ಸುಮ್ಮನೆ ಹೆದರಿಸುವುದೇಕೆ ಎಂದೆ. ಅವರು ಕಿವಿ ಕೇಳಿಸದವರಂತೆ ಫೋನ್ ಕೈಗೆತ್ತಿಕೊಂಡರು.

ಅಮ್ಮವಾರಿ ಗುಡಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿ ಸೊಸೆ ಬಂದಳು. ಅಂಗಡಿಯಲ್ಲಿ ಕಿರುಚಿದವಳು ನಾನೇ ಎಂದು ಗುರುತು ಹಿಡಿದು ಬಾಗಿಲಲ್ಲೇ ನಿಂತಳು. ಮೇಡಂ ಆಕೆಯನ್ನು ಚಾಪೆಯ ಮೇಲೆ ಕೂರಿಸಿ, ತೆಲುಗಿನಲ್ಲಿ ನಿಧಾನವಾಗಿ, ಏನನ್ನೂ ಮುಚ್ಚದೆ ಹೇಳಿದರು. ಆಕೆ ಮೊದಲು ಬಿಳಿಚಿಕೊಂಡಳು. ಆಮೇಲೆ ಡಿಸ್ಕಿನಿಂದ ನನ್ನ ಕಡೆಗೆ ಕಣ್ಣು ತಿರುಗಿಸಿದಳು.

‘ಮೀರು ವಿನ್ನಾರಾ?’ ಎಂದು ನನ್ನನ್ನು ಕೇಳಿದಳು. ನೀವು ಕೇಳಿದಿರಾ?

‘ಲೇದಮ್ಮಾ. ಎವರೂ ವಿನಲೇದು’ ಎಂದೆ. ಯಾರೂ ಕೇಳಿಲ್ಲ.

ಕೀಲಿಮಣೆಯನ್ನು ಆಕೆಯ ಕಡೆ ತಿರುಗಿಸಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿದೆ. ಆಕೆ ಬೆರಳು ಇಟ್ಟಳು, ಒತ್ತಲಿಲ್ಲ.

‘ಇಂಕ ರಾದು ಕದಾ?’

‘ರಾದು’ ಎಂದೆ. ಇನ್ನು ಬರುವುದಿಲ್ಲ.

‘ಅಂಟೇ ನೇನು ಚೆಪ್ಪಿಂದಿ ಇಂಕ ಎಕ್ಕಡಾ ಉಂಡದಾ?’

ತಾನು ಹೇಳಿದ್ದು ಇನ್ನೆಲ್ಲೂ ಇರುವುದಿಲ್ಲವೇ ಎಂದು ಆಕೆ ಕೇಳಿದ್ದು. ಇಷ್ಟು ವರ್ಷ ಎಲ್ಲರೂ ನನ್ನನ್ನು ಕೇಳಿದ್ದು ಏನೂ ಉಳಿಯುವುದಿಲ್ಲ ತಾನೇ ಎಂದು. ಉಳಿಯುವುದಿಲ್ಲವಲ್ಲ ಎಂದು ಮರುಗಿದವರು ಯಾರೂ ಇರಲಿಲ್ಲ. ಒಬ್ಬಳು ತನ್ನ ಜೀವಮಾನದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಕೊಂಡದ್ದು ಅದೊಂದು ಡಬ್ಬಿಯಲ್ಲಿ ಮಾತ್ರ ಇತ್ತು. ಅದು ಇದ್ದರೆ ಆಕೆಗೆ ಬಾಳಿಲ್ಲ. ಇಲ್ಲದಿದ್ದರೆ ಆ ಮಾತಿಗೆ ಜಾಗವಿಲ್ಲ.

ಮೇಡಂ ಆಕೆಯ ಕೈಯ ಮೇಲೆ ಕೈ ಇಟ್ಟು, ‘ನಾಕು ಗುರ್ತುಂದಿ’ ಎಂದರು. ನನಗೆ ನೆನಪಿದೆ.

ಆಕೆ ಗುಂಡಿ ಒತ್ತಿದಳು. ಡಿಸ್ಕು ಗುಂಯ್ ಎಂದು ತಿರುಗತೊಡಗಿತು, ಪರದೆಯ ಮೇಲೆ ಹಸಿರು ಪಟ್ಟಿ ಕಂಡೂ ಕಾಣದಷ್ಟು ಸರಿಯಿತು. ಆಗ ಆಕೆಗೆ ಅಳು ಬಂತು. ಮೊದಲು ಸದ್ದಿಲ್ಲದೆ, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು. ಕೋಣೆಯಲ್ಲಿ ಒಂದು ಕರವಸ್ತ್ರವೂ ಉಳಿದಿರಲಿಲ್ಲ. ಸಲಕರಣೆ ಒರೆಸಲು ಇಟ್ಟುಕೊಂಡಿದ್ದ ಹೊಸ ಬಟ್ಟೆಯೊಂದನ್ನು ಚೀಲದಿಂದ ತೆಗೆದು ಕೊಟ್ಟೆ. ನನ್ನ ಕಣ್ಣೂ ಮಂಜಾಗಿತ್ತು.

ಮೇಡಂ ನನ್ನ ಕಡೆ ತಿರುಗಿ, ಅವರ ಅಡುಗೆಮನೆಯ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: ‘ನೋಡಿದ್ರಾ? ಕೊನೆಗೂ ಅಳಿಸಿದ್ರಿ.’

ನಾನು ಪರದೆಯ ಪಟ್ಟಿ ನೋಡಿದೆ. ‘ಇನ್ನೂ ಮುಗದಿಲ್ರಿ, ಟೈಮ್ ಹಿಡೀತದ’ ಎಂದೆ. ಮೂವರೂ ಗೋಡೆಗೆ ಒರಗಿ ಕಾಯುತ್ತ ಕೂತೆವು.